ಮೂರನೇ ವರ್ಷದ ತಾಳ್ಮೆ

ಆ ಭಾನುವಾರದ ಬೆಳಿಗ್ಗೆ ಮಂಜು ಇಳಿದದ್ದು ಇಳಿದ ಹಾಗೆಯೇ ಹೆಪ್ಪುಗಟ್ಟಿತ್ತು. ಬೇಲಿಯ ತಂತಿ, ಟಪಾಲು ಡಬ್ಬಿ, ಕಟಾವಾದ ಹೊಲದ ಮುಸುಕಿನ ಜೋಳದ ಕೂಳೆ, ಊರಾಚೆಯ ಧಾನ್ಯದ ಗೋಪುರ, ಎಲ್ಲದರ ಮೈಮೇಲೂ ಬಿಳಿಯ ರೋಮ ಎದ್ದು ನಿಂತಿತ್ತು. ಗಾಳಿ ಎಂಬುದೇ ಇರಲಿಲ್ಲ. ನವೆಂಬರ್ ಕೊನೆಯಲ್ಲಿ ನೋರ್ಬಿಯಲ್ಲಿ ಗಾಳಿ ಇಲ್ಲವೆಂದರೆ ದೇವರು ಉಸಿರು ಬಿಗಿಹಿಡಿದು ಯಾರದೋ ಮಾತು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಆರ್ಡಿಸ್ ಹೇಳುತ್ತಿದ್ದಳು. ಯಾರ ಮಾತು ಎಂದು ಅವಳ ಗಂಡ ವರ್ಲಿನ್ ಮೋಯೆನ್ ಒಮ್ಮೆಯೂ ಕೇಳಿರಲಿಲ್ಲ. ಈಗ ಅವನು ಅಡುಗೆಮನೆಯ ಕಿಟಕಿಯ ಬಳಿ ನಿಂತು, ಹೊಲದಾಚೆ ಕಾಲೇಜಿನ ಮೈದಾನದಲ್ಲಿ ಬೆಳ್ಳಗೆ ನಿಂತಿದ್ದ ಗೋಲುಕಂಬಗಳನ್ನು ನೋಡುತ್ತಿದ್ದ. ಶರಣಾದವನು ಎರಡೂ ಕೈ ಎತ್ತಿದ ಹಾಗೆ ಕಾಣುತ್ತಿದ್ದವು. ಮಧ್ಯಾಹ್ನ ಒಂದು ಗಂಟೆಗೆ ಸಮಿತಿ ಸೇರುವುದಿತ್ತು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ವೇಡ್ ಪ್ರೂಯಿಟ್‌ನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಐದು ಜನ ಹೇಳಬೇಕು; ಅವರು ಹೇಳಿದ್ದನ್ನು ಕಾಲೇಜಿನ ಅಧ್ಯಕ್ಷೆ ಇಪ್ಪತ್ತು ವರ್ಷಗಳಿಂದ ಮೀರಿದ್ದಿಲ್ಲ. ತಾನು ಇನ್ನೂ ಏನನ್ನೂ ನಿರ್ಧರಿಸಿಲ್ಲ ಎಂದು ವರ್ಲಿನ್ ನಂಬಿದ್ದ. ಮೊಟ್ಟೆ ಬೇಯಿಸಲು ಕೆಳಗಿನ ಕಪಾಟು ತೆರೆದಾಗ ಒಳಗೆ ಗಾಜು ಗಾಜಿಗೆ ತಾಗಿ ಕಟಕಟ ಎಂದಿತು. ಮೂರು ಪಾತ್ರೆಗಳ ಜೋಡಿ ಅದು, ಒಂದರೊಳಗೊಂದು ಕೂರುವಂಥದು, ಬಿಳಿ ಗಾಜಿನ ಮೇಲೆ ನೀಲಿ ಹೂವು. ನಡುವಿನದು ಇರಲಿಲ್ಲ. ಅದಿಲ್ಲದೆ ಇದು ಮೂರನೇ ವರ್ಷ. ಹಾಗಾಗಿ ಚಿಕ್ಕದು ದೊಡ್ಡದರ ಹೊಟ್ಟೆಯಲ್ಲಿ ಸಡಿಲಾಗಿ ಕೂತು, ಕಪಾಟಿನ ಬಾಗಿಲು ಮುಟ್ಟಿದಾಗಲೆಲ್ಲ ಹಲ್ಲು ಕಡಿಯುತ್ತಿತ್ತು.

ಒಂದು ಗಜ ಬೇಕಿತ್ತು, ಒಂದು ಮೊಳ ಸಿಕ್ಕಿತು. ನಿನ್ನೆಯ ಆಟವನ್ನು ಇಷ್ಟರಲ್ಲೇ ಹೇಳಿಬಿಡಬಹುದಿತ್ತು, ಊರು ಹೇಳುತ್ತಲೂ ಇತ್ತು. ಎದುರಾಳಿ ಎಲ್ಸ್‌ಬರಿ. ಎಲ್ಸ್‌ಬರಿಯನ್ನು ಸೋಲಿಸಿ ಹನ್ನೊಂದು ವರ್ಷವಾಗಿತ್ತು. ನಾಲ್ಕು ಅಂಕ ಹಿಂದಿದ್ದರು, ಚೆಂಡು ಹೊತ್ತು ದಾಟಬೇಕಾದ ಗೆರೆಗೆ ಒಂದೇ ಗಜ, ಗಡಿಯಾರದಲ್ಲಿ ಮೂರು ಸೆಕೆಂಡು. ಪ್ರೂಯಿಟ್ ಆ ದೊಡ್ಡ ಮೈಯನ್ನು ಬಗ್ಗಿಸಿ, ಮಂಡಿಯ ಮೇಲೆ ಕೈಯೂರಿ, ಹೊಲದ ಅಂಚಿನಲ್ಲಿ ಮಳೆ ನೋಡುವವನ ಹಾಗೆ ನಿಂತಿದ್ದ. ಚೆಂಡು ಹಿಡಿದ ಹುಡುಗ ನುಗ್ಗಿದ, ಹತ್ತು ಹನ್ನೆರಡು ಮೈಗಳು ರಾಶಿಬಿದ್ದವು, ರಾಶಿ ಬಿಡಿಸಿದಾಗ ಚೆಂಡು ಗೆರೆಯ ಈಚೆಗಿತ್ತು. ಎರಡು ಸಾವಿರ ಜನ ಒಂದು ಸದ್ದು ಮಾಡಲಿಲ್ಲ. ನೋರ್ಬಿಯವರು ಕೂಗುವುದಿಲ್ಲ, ಬೈಯುವುದಿಲ್ಲ, ಚಳಿಗೆ ತಂದ ಹೊದಿಕೆ ಮಡಚುತ್ತಾರೆ. ಆ ಮಡಚುವ ಸದ್ದು ಕೇಳಿಯೇ ಇಬ್ಬರು ಕೋಚ್‌ಗಳು ಹಿಂದೆ ಊರು ಬಿಟ್ಟಿದ್ದರು. ವರ್ಲಿನ್ ತನ್ನ ಹೊದಿಕೆಯನ್ನು ಮಡಚಿ, ಪಕ್ಕದ ಖಾಲಿ ಜಾಗದಲ್ಲಿ ಇಟ್ಟಿದ್ದ ಆರ್ಡಿಸ್‌ಳ ಕೆಂಪು ದಿಂಬನ್ನೂ ಎತ್ತಿಕೊಂಡ. ಎತ್ತಿಕೊಳ್ಳುವಾಗ ಅವನ ಮನಸ್ಸಿನಲ್ಲಿ ಬಂದದ್ದು ಆ ಹುಡುಗನ ವಿಚಾರವಲ್ಲ, ಆ ಒಂದು ಗಜದ ವಿಚಾರವೂ ಅಲ್ಲ. ‘ಇಸಕೊಂಡ ಪಾತ್ರೆ ಹಿಂದಕ್ಕೆ ಕೊಡಲಾರದವನು ಚೆಂಡನ್ನು ಗೆರೆ ದಾಟಿಸಿಯಾನೇ?’ ಎಂದು ಬಂತು. ಬಂದದ್ದಕ್ಕೆ ನಾಚಿದ. ನಾಚುತ್ತಲೇ, ಇದರಲ್ಲಿ ತರ್ಕ ಇಲ್ಲದೇ ಇಲ್ಲ ಎಂದೂ ಅನ್ನಿಸಿತು.

ಊರಿನ ಪದ್ಧತಿ ಹಳೆಯದು. ಹೊಸ ಕೋಚ್ ಬಂದ ವಾರ ಸಮಿತಿಯ ಒಂದೊಂದು ಮನೆಯಿಂದಲೂ ಒಂದೊಂದು ಹಾಟ್‌ಡಿಶ್ ಹೋಗುತ್ತದೆ, ಕೆಳಗೆ ಮಾಂಸ, ಮೇಲೆ ಹುರಿದ ಆಲೂಗಡ್ಡೆಯ ತುಣುಕು, ನಡುವೆ ಡಬ್ಬಿ ತೆರೆದು ಸುರಿದ ಅಣಬೆ ಸಾರು. ಪಾತ್ರೆಯ ತಳಕ್ಕೆ ಅಂಟುಪಟ್ಟಿ, ಪಟ್ಟಿಯ ಮೇಲೆ ಮನೆಯವಳ ಹೆಸರು. ಎರಡು ವಾರದೊಳಗೆ ತೊಳೆದ ಪಾತ್ರೆಗಳು ಚರ್ಚಿನ ನೆಲಮಾಳಿಗೆಯ ಅಡುಗೆಕಟ್ಟೆಗೆ ಬಂದು ಕೂರುತ್ತವೆ, ಹೆಸರು ನೋಡಿ ಅವರವರು ಒಯ್ಯುತ್ತಾರೆ. ಬಾರದಿದ್ದರೆ ಯಾರೂ ಕೇಳುವುದಿಲ್ಲ. ಕೇಳುವುದು ಅವಮಾನ, ಕೇಳದೆ ನೆನಪಿಟ್ಟುಕೊಳ್ಳುವುದು ಸಂಸ್ಕಾರ. ಪ್ರೂಯಿಟ್ ದಂಪತಿ ಒಕ್ಲಹೋಮದಿಂದ ಬಂದ ಆಗಸ್ಟಿನಲ್ಲಿ ಆರ್ಡಿಸ್ ನಡುವಿನ ಪಾತ್ರೆಯಲ್ಲಿ ಮಾಡಿ ಒಯ್ದಿದ್ದಳು. ವರ್ಲಿನ್ ಕಾರಿನಲ್ಲೇ ಕೂತಿದ್ದ, ಎಂಜಿನ್ ಆರಿಸದೆ. ಬಾಗಿಲಲ್ಲಿ ಕೋಚ್‌ನ ಹೆಂಡತಿ ಕೊರಿನ್ ಪಾತ್ರೆ ಇಸಕೊಂಡಳು, ಆರ್ಡಿಸ್ ಅವಳ ಮುಂಗೈ ಮುಟ್ಟಿ ಏನೋ ಅಂದಳು, ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಮುಂದಿನ ಗಾಜಿನ ಮೇಲೆ ಸತ್ತ ಮಿಡತೆ ಅಂಟಿತ್ತು. ಅವನು ಅದನ್ನು ನೋಡುತ್ತಿದ್ದ. ಏನಂದೆ ಎಂದು ಕೇಳಲಿಲ್ಲ. ‘ತಡವಾಯ್ತು’ ಎಂದ. ಆ ಮುಂದಿನ ಫೆಬ್ರವರಿಯಲ್ಲಿ ಆರ್ಡಿಸ್ ಹೋದಳು, ಆಸ್ಪತ್ರೆಯಲ್ಲಿ ಒಂಬತ್ತೇ ದಿನ. ಶವಸಂಸ್ಕಾರದ ಊಟಕ್ಕೆ ಊರಿನ ಹೆಂಗಸರೆಲ್ಲ ಮನೆಯಲ್ಲಿ ಬೇಯಿಸಿದ್ದು ತಂದರೆ ಕೊರಿನ್ ಅಂಗಡಿಯ ಬಿಸ್ಕತ್ತನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಳು. ವರ್ಲಿನ್ ಎಲ್ಲರ ಕೈ ಕುಲುಕುತ್ತ ನಿಂತಿದ್ದವನು ಆ ಡಬ್ಬಿಯನ್ನು ನೋಡಿದ. ಅಷ್ಟು ದುಃಖದಲ್ಲೂ ನೋಡಿದ. ಅವಳ ಬಳಿ ಪಾತ್ರೆ ಇಲ್ಲದೇ ಇಲ್ಲವಲ್ಲ ಎಂದು ಅವನಿಗೆ ಆಗಲೇ ಹೊಳೆದಿತ್ತು.

ಚರ್ಚಿನಲ್ಲಿ ಪಾಸ್ಟರ್ ಲಿಂಡ್ ತಾಳ್ಮೆಯ ಮೇಲೆಯೇ ಮಾತಾಡಿದರು. ಎತ್ತರದ, ಬಗ್ಗಿದ ಕತ್ತಿನ ಮನುಷ್ಯ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಬಿತ್ತಿದವನು ಮೊದಲ ಮಳೆಗೂ ಕಾಯುತ್ತಾನೆ, ಕೊನೆಯ ಮಳೆಗೂ ಕಾಯುತ್ತಾನೆ. ನಮ್ಮನ್ನು ಸೃಷ್ಟಿಸಿದವನಾದರೂ ನಮ್ಮ ಮೇಲೆ ಎಷ್ಟು ವರ್ಷದಿಂದ ತಾಳ್ಮೆ ಇಟ್ಟಿದ್ದಾನೆ ಎಂದು ಯೋಚಿಸಿ, ಅಂದರು. ಹಿಂದಿನ ಬೆಂಚಿನಲ್ಲಿ ಪ್ರೂಯಿಟ್ ಕೂತಿದ್ದ, ಹೆಗಲಿಗೆ ಬೆಂಚು ಸಾಲದೆ. ಸಭೆಯ ಕತ್ತುಗಳು ಒಂದೂ ತಿರುಗಲಿಲ್ಲ. ಆದರೆ ಅವನು ಎಲ್ಲಿ ಕೂತಿದ್ದಾನೆ ಎಂಬುದು ಪ್ರತಿ ಬೆನ್ನಿಗೂ ಗೊತ್ತಿತ್ತು. ವರ್ಲಿನ್ ಕಣ್ಣು ಮುಚ್ಚಿದ. ಕೋಚ್ ಬಂದ ವರ್ಷದ ಸ್ವಾಗತದ ಊಟದಲ್ಲಿ ಎದ್ದು ನಿಂತು ಭಾಷಣ ಮಾಡಿದ್ದವನು ಅವನೇ. ಮೂವತ್ತೆಂಟು ವರ್ಷ ಬಿತ್ತನೆ ಜೋಳ ಮಾರಿದವನ ಮಾತಿಗೆ ಊರಿನಲ್ಲಿ ಬೆಲೆಯಿತ್ತು. ‘ಬಿತ್ತಿದ ಮಾರನೇ ದಿನ ಮಣ್ಣು ಕೆದಕಿ ನೋಡಬಾರದು’ ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಊರಿನ ವಾರಪತ್ರಿಕೆ ಅದನ್ನು ದಪ್ಪಕ್ಷರದಲ್ಲಿ ಹಾಕಿತ್ತು. ಅಂದಿನಿಂದ ಅವನು ತಾಳ್ಮೆಯ ಮನುಷ್ಯ ಎನಿಸಿಕೊಂಡ. ಕಾಫಿ ಅಂಗಡಿಯಲ್ಲಿ ಯಾರಾದರೂ ತಂಡವನ್ನು ಜರಿದರೆ ‘ವರ್ಲಿನ್ ಕೇಳಿಸ್ಕೊಂಡಾನು’ ಎಂದು ನಗುತ್ತಿದ್ದರು. ಹಾಗೆ ಎನಿಸಿಕೊಳ್ಳುವುದು ಹಿತವಾಗಿತ್ತು. ಆರ್ಡಿಸ್ ಮಾತ್ರ ಆ ರಾತ್ರಿ ಕೋಟು ತೂಗುಹಾಕುತ್ತ, ‘ಕುದಿಯೋ ಮೊದ್ಲೇ ಕಾಫಿ ಬಗ್ಗಿಸೋ ಮನುಷ್ಯ’ ಎಂದಿದ್ದಳು, ಯಾರಿಗೋ ಹೇಳಿದ ಹಾಗೆ.

ಆರಾಧನೆ ಮುಗಿದು ನೆಲಮಾಳಿಗೆಗೆ ಇಳಿದರೆ ಕಾಫಿಯ ದೊಡ್ಡ ಪಾತ್ರೆಯ ಹಿಂದೆ ಲವಾನ್ ನಿಂತಿದ್ದಳು. ಚರ್ಚಿನ ಅಡುಗೆಮನೆ ನಲವತ್ತು ವರ್ಷದಿಂದ ಅವಳದು. ಸಮಿತಿಯಲ್ಲಿರುವ ಒಬ್ಬಳೇ ಹೆಂಗಸೂ ಅವಳೇ.

“ತಗೋ ವರ್ಲಿನ್. ಮುಖ ನೋಡಿದ್ರೆ ನಿನ್ನೆ ಬಾಲ್ ನೀನೇ ಕೈಬಿಟ್ಟ ಹಾಗಿದೆ.”

“ಚೆನ್ನಾಗೇ ಇದೀನಿ.”

“ಚೆನ್ನಾಗಿರೋದು ನಿನ್ನ ಮೈಗೆ ಒಗ್ಗಲ್ಲ ಬಿಡು.”

ಅವನ ಕಣ್ಣು ತಾನಾಗಿ ಅಡುಗೆಕಟ್ಟೆಯ ಕಡೆ ಹೊರಳಿತು. ನೂರಕ್ಕೂ ಹೆಚ್ಚು ಭಾನುವಾರ ಹೀಗೇ ಹೊರಳಿತ್ತು. ಇವತ್ತು ಅಲ್ಲಿ ಒಂದು ಹಳದಿ ಬೋಗುಣಿ, ಯಾರದೋ ಕೇಕಿನ ತಟ್ಟೆ.

“ಏನಾದ್ರೂ ಹುಡುಕ್ತಿದೀಯಾ?”

“ಇಲ್ಲ. ಸಕ್ಕರೆ.”

“ನೀನು ಸಕ್ಕರೆ ಹಾಕ್ಕೊಳಲ್ಲ.”

“ಇವತ್ತು ಹಾಕ್ಕೊತೀನಿ” ಎಂದು ಎರಡು ಚಮಚ ಹಾಕಿ, ಅವಳು ನೋಡುತ್ತಿದ್ದಂತೆ ಕಲಕಿ, ಪಾನಕದಂತಿದ್ದುದನ್ನು ಔಷಧಿ ಕುಡಿದ ಹಾಗೆ ಕುಡಿದ. ಅಷ್ಟರಲ್ಲಿ ಭುಜದ ಮೇಲೊಂದು ಕೈ ಬಿತ್ತು. ಕೆಂಪಗೆ ಒಡೆದ, ಬಿಸಿಯಾದ ಕೈ. ಪ್ರೂಯಿಟ್‌ನ ಟೈ ಕತ್ತಿನಲ್ಲಿ ಕಚ್ಚಿಕೊಂಡಿತ್ತು, ಕಣ್ಣ ಕೆಳಗೆ ನಿದ್ದೆ ಕಾಣದ ಎರಡು ಚೀಲ.

“ಮೋಯೆನ್ ಅವ್ರೇ. ನಿನ್ನೆ ಆ ಒಂದು ಗಜ...”

“ಒಂದು ಗಜ ಏನು ಮಹಾ” ಎಂದ ವರ್ಲಿನ್. ಬಾಯಿ ಇಂಥದಕ್ಕೆ ಪಳಗಿತ್ತು.

“ಮುಂದಿನ ಸಾಲಲ್ಲಿ ನಿಲ್ಲೋ ಐದೂ ಹುಡುಗ್ರು ಮುಂದಿನ ವರ್ಷಕ್ಕೂ ಇದಾರೆ. ಐದಕ್ಕೈದೂ. ಈಗ ತಾನೇ ಒಬ್ಬರ ಉಸಿರು ಒಬ್ಬರಿಗೆ ಗೊತ್ತಾಗ್ತಿದೆ. ನೀವು ಅವತ್ತು ಹೇಳಿದ್ರಲ್ಲ, ಮಣ್ಣು ಕೆದಕಿ ನೋಡಬಾರ್ದು ಅಂತ? ಹುಡುಗ್ರು ಬಟ್ಟೆ ಬದಲಾಯಿಸೋ ಕೋಣೆ ಬಾಗಿಲ ಮೇಲೆ ಬರೆಸಿದೀನಿ. ಮೈದಾನಕ್ಕೆ ಇಳಿಯೋವಾಗ ಒಬ್ಬೊಬ್ಬನೂ ಅದನ್ನ ಮುಟ್ಟಿ ಹೋಗ್ತಾನೆ.”

“ಓಹೋ” ಎಂದ ವರ್ಲಿನ್. ಐವತ್ತು ಹುಡುಗರ ಬೆವರುಗೈ ತನ್ನ ಮಾತಿನ ಮೇಲೆ ಬೀಳುವುದು ಕಣ್ಣಿಗೆ ಕಟ್ಟಿತು. ಮಾತು ತೇಯ್ದು ಹೋಗುವುದಿಲ್ಲವೇ ಎಂಬ ವಿಚಿತ್ರ ಚಿಂತೆ ಬಂತು. ಪ್ರೂಯಿಟ್‌ನ ಹಿಂದಿನಿಂದ ಕೊರಿನ್ ಮುಂದೆ ಬಂದಳು. ಸಣ್ಣ ಮೈ, ಗಾಳಿಗೆ ಹೆದರುವವರ ಹಾಗೆ ಕೋಟಿನ ಕಾಲರು ಹಿಡಿದುಕೊಂಡು ನಿಲ್ಲುವ ಅಭ್ಯಾಸ.

“ಮೋಯೆನ್ ಅವ್ರೇ, ನಿಮ್ಮ ಹತ್ರ ಒಂದು ವಿಷಯ ಹೇಳಬೇಕಿತ್ತು. ಆರ್ಡಿಸ್ ಅವ್ರು...”

ಗಂಡನ ಕೆಲಸ ಉಳಿಸಲು ನನ್ನ ಸತ್ತ ಹೆಂಡತಿಯ ಹೆಸರು ಎತ್ತುತ್ತಾಳೆ! ಅವನಿಗೆ ಕಿವಿ ಬೆಚ್ಚಗಾಯಿತು. “ಆಮೇಲೆ, ಆಮೇಲೆ” ಎಂದ, ನಗುತ್ತ, ಅವಳ ಕಾಲರಿನ ಕಡೆ ನೋಡುತ್ತ. “ಅವಸರ ಏನಿದೆ.” ಅವಳು ಆ ಮಾತಿಗೆ ಯಾಕೋ ತಟ್ಟನೆ ತಲೆಯೆತ್ತಿ ಅವನ ಮುಖ ನೋಡಿದಳು. ನೋಡಿ, ಗಂಡನ ಹಿಂದಕ್ಕೆ ಸರಿದಳು.

ಸಮಿತಿ ಸೇರಿದ್ದು ಮಕ್ಕಳ ಭಾನುವಾರದ ಶಾಲೆಯ ಕೋಣೆಯಲ್ಲಿ. ದೊಡ್ಡ ಕುರ್ಚಿಗಳನ್ನೆಲ್ಲ ಯಾವುದೋ ಮದುವೆಗೆ ಒಯ್ದಿದ್ದರು. ಹಾಗಾಗಿ ಐವರೂ ಮೊಣಕಾಲು ಎದೆಗೆ ತಾಗುವಂತೆ ಬಣ್ಣದ ಪುಟ್ಟ ಕುರ್ಚಿಗಳಲ್ಲಿ ಕೂತರು. ಗೋಡೆಯ ಮೇಲೆ ಬಟ್ಟೆಯಲ್ಲಿ ಕತ್ತರಿಸಿ ಅಂಟಿಸಿದ ಬೈಬಲಿನ ಪ್ರಳಯದ ನಾವೆ, ಜೋಡಿ ಜಿರಾಫೆ, ಜೋಡಿ ಆಮೆ. ಸಮಿತಿಯ ಅಧ್ಯಕ್ಷ ಮೈಲೋ ಬ್ರೆಕ್ಕೆ, ಧಾನ್ಯದ ಗೋಪುರ ನೋಡಿಕೊಳ್ಳುವವನು, ಕೆಂಪು ಕುರ್ಚಿಯಲ್ಲಿ. ಹಲ್ಲಿನ ಡಾಕ್ಟರು ಗೇಲನ್ ಹಸಿರಿನಲ್ಲಿ, ಪಕ್ಕದಲ್ಲಿ ಪಾಸ್ಟರ್ ಲಿಂಡ್, ಲವಾನ್. ವರ್ಲಿನ್ ಜೇಬಿನಿಂದ ಎರಡು ಪೊಟ್ಟಣ ತೆಗೆದು ಪುಟ್ಟ ಮೇಜಿನ ಮೇಲಿಟ್ಟ. ಇದೂ ಪದ್ಧತಿಯೇ: ಒಬ್ಬೊಬ್ಬರಿಗೆ ಜೋಳದ ಎರಡು ಕಾಳು, ಹಳದಿಯದೊಂದು, ಕೆಂಪಿನದೊಂದು. ಹಳದಿ ಎಂದರೆ ತಾಳ್ಮೆ, ಕೆಂಪು ಎಂದರೆ ಬದಲಾವಣೆ. ಒಂದನ್ನು ಮುಷ್ಟಿಯಲ್ಲಿ ಮುಚ್ಚಿ ಕಾಫಿ ಡಬ್ಬಿಗೆ ಹಾಕಬೇಕು. ಉಳಿದದ್ದನ್ನು ಜೇಬಿನಲ್ಲಿಟ್ಟುಕೊಂಡು ಹೊರಗೆ ಹಕ್ಕಿಗೆ ಎಸೆಯಬೇಕು. ಯಾರು ಯಾವುದು ಹಾಕಿದರು ಎಂದು ಹಕ್ಕಿಗೆ ಮಾತ್ರ ಗೊತ್ತು. ಬೀಜ ತರುವುದು ಎಂದಿನಿಂದಲೂ ವರ್ಲಿನ್‌ನ ಕೆಲಸ.

“ಮೂರು ವರ್ಷ” ಎಂದ ಮೈಲೋ. “ಮೊದ್ಲನೇ ವರ್ಷ ಒಂದು ಗೆದ್ರು, ಎರಡನೇ ವರ್ಷ ಎರಡು, ಈ ವರ್ಷ ಮೂರು.”

“ಪ್ರಗತಿ ಇದೆ” ಎಂದ ಗೇಲನ್. “ಇದೇ ಲೆಕ್ಕದಲ್ಲಿ ಇನ್ನೇಳು ವರ್ಷಕ್ಕೆ ಹತ್ತಕ್ಕೆ ಹತ್ತು. ಆಗ ನಂಗೆ ಎಂಬತ್ತು, ಸ್ಟೇಡಿಯಂ ಮೆಟ್ಲು ಹತ್ತಿಸೋಕೆ ನಾಲ್ಕು ಜನ ಬೇಕು.”

“ಅಡಿಪಾಯ ಹಾಕ್ತಿದೀನಿ ಅಂತಾನೆ.”

“ಹಿಂದಿನವ್ನೂ ಹಾಕ್ದ, ಅದಕ್ಕೂ ಹಿಂದಿನವ್ನೂ ಹಾಕ್ದ. ಊರಲ್ಲಿ ಮೂರು ಅಡಿಪಾಯ ಇದೆ ಮಾರಾಯ, ಒಂದು ಗೋಡೆ ಇಲ್ಲ.”

ಯಾರೂ ನಗಲಿಲ್ಲ, ಆದರೆ ಕುರ್ಚಿಗಳು ಕಿರುಗುಟ್ಟಿದವು. ಊರಿನ ತತ್ವ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲನೇ ವರ್ಷದ ಸೋಲು ಹಿಂದಿನ ಕೋಚ್‌ನ ಪಾಪ, ಎರಡನೆಯದು ಹುಡುಗರ ಪಾಪ. ಮೂರನೇ ವರ್ಷಕ್ಕೆ ಪಾಪ ಹೊರಲು ಹೊಸ ಹೆಗಲು ಬೇಕು. ತಾಳ್ಮೆಗೆ ಐದು ವರ್ಷ ಎಂದು ಎಲ್ಲರೂ ಹೇಳುತ್ತಿದ್ದರು, ಹೇಳುವುದರಲ್ಲಿ ಕಳ್ಳತನವೇನೂ ಇರಲಿಲ್ಲ; ಮೂರಕ್ಕೇ ಅದು ತೀರಿಹೋಗುತ್ತಿದ್ದುದಷ್ಟೆ.

“ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬಾರ್ದು” ಎಂದ ಮೈಲೋ. “ದಾರೀಲಿ ನನ್ನ ಲಾರಿಗೆ ಎದುರು ಬಂದ್ರೆ ಆ ಮನುಷ್ಯ ನಮಸ್ಕಾರ ಅಂತ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಲ್ಲ. ಹದಿನೆಂಟು ಸಲ ಎಣಿಸಿದೀನಿ.”

“ಅದಕ್ಕೂ ಆಟಕ್ಕೂ ಏನು ಸಂಬಂಧ ಮೈಲೋ?” ಎಂದಳು ಲವಾನ್.

“ಎದುರಿಗೆ ಬರೋ ಲಾರಿ ಕಾಣದವ್ನಿಗೆ ಎದುರಿಗೆ ನುಗ್ಗೋ ಎಲ್ಸ್‌ಬರಿ ಹುಡುಗ ಕಾಣ್ತಾನಾ?”

ಇದು ಎಲ್ಲರಿಗೂ ಆಳವಾದ ಮಾತು ಎನಿಸಿತು. ಗೇಲನ್ ತನಗೆ ದೂರೇನೂ ಇಲ್ಲವೆಂದ. ಹಲ್ಲು ತೋರಿಸಲು ಕೋಚ್ ಅರವತ್ತು ಮೈಲಿ ದೂರದ ಊರಿಗೆ ಹೋಗುತ್ತಾನೆ, ಅದು ಅವನ ಸ್ವಾತಂತ್ರ್ಯ. ಆದರೆ ಊರಿನ ಮೇಲೆ ನಂಬಿಕೆ ಇಲ್ಲದವನು ಊರಿನ ಹುಡುಗರನ್ನು ಹೇಗೆ ನಂಬಿಯಾನು ಎಂಬುದೊಂದು ಪ್ರಶ್ನೆ. ಲವಾನ್ ಅಂಗಡಿಯ ಬಿಸ್ಕತ್ತಿನ ಮಾತು ತೆಗೆದು, ವರ್ಲಿನ್‌ನ ಮುಖ ನೋಡಿ ಅರ್ಧಕ್ಕೆ ಬಿಟ್ಟಳು. ಪಾಸ್ಟರ್ ಲಿಂಡ್ ಮೆಲ್ಲಗೆ, ರಕ್ಷಣೆ ಕಲಿಸುವ ಸಹಾಯಕ ಕೋಚ್ ಗಸ್ ಭಾನುವಾರ ಹತ್ತು ಗಂಟೆಗೇ ಹುಡುಗರನ್ನು ಕೂರಿಸಿ ಹಿಂದಿನ ದಿನದ ಆಟದ ಚಿತ್ರ ತೋರಿಸುತ್ತಾನೆ, ಅದು ಆರಾಧನೆಯ ಹೊತ್ತು, “ನಾನು ಅದನ್ನ ದೊಡ್ಡದು ಮಾಡಲ್ಲ” ಎಂದರು. ಹೇಳಿದ್ದರಿಂದಲೇ ಅದು ದೊಡ್ಡದಾಯಿತು. ಒಬ್ಬೊಬ್ಬರ ಮಾತಿನ ಬಾಲಕ್ಕೂ ‘ಆದ್ರೂ ತಾಳ್ಮೆ ಇರಬೇಕು’ ಎಂಬುದು ಗಂಟಿನ ಹಾಗೆ ಬೀಳುತ್ತಿತ್ತು. ವರ್ಲಿನ್ ಕೇಳುತ್ತ ಕೂತಿದ್ದ. ಇವರದೆಲ್ಲ ಎಷ್ಟು ಚಿಲ್ಲರೆ ಎನ್ನಿಸುತ್ತಿತ್ತು ಅವನಿಗೆ, ಬೆರಳು, ಹಲ್ಲು, ಬಿಸ್ಕತ್ತು. ಒಬ್ಬ ಮನುಷ್ಯನ ಹೊಟ್ಟೆಪಾಡನ್ನು ಇಂಥ ತಕ್ಕಡಿಯಲ್ಲಿ ತೂಗುತ್ತಾರಲ್ಲ ಎಂದು ನಿಜವಾಗಿ ಮರುಗಿದ. ಆ ಮರುಕದ ನಡುವೆಯೇ ಕಪಾಟು ಕಟಕಟ ಎಂದಿತು, ಇಲ್ಲಿ, ಈ ಕೋಣೆಯಲ್ಲಿ, ಅವನ ಪಕ್ಕೆಲುಬಿನೊಳಗೆ.

“ವರ್ಲಿನ್ ಏನಂತಾನೆ?” ಎಂದ ಮೈಲೋ, ಗೊತ್ತಿದ್ದನ್ನೇ ಕೇಳುವ ದನಿಯಲ್ಲಿ.

“ಮಣ್ಣು ಕೆದಕಿ ನೋಡಬಾರ್ದು” ಎಂದ ವರ್ಲಿನ್.

ಎಲ್ಲರೂ ತಲೆದೂಗಿದರು. ಎಲ್ಲರ ಮುಖದಲ್ಲೂ ಏನೋ ಹಗುರವಾದದ್ದನ್ನು ಅವನು ಗಮನಿಸಿದ. ಅದರ ಅರ್ಥ ಆಗ ಆಗಲಿಲ್ಲ. ಪಾಸ್ಟರ್ ಚಿಕ್ಕದಾಗಿ ಪ್ರಾರ್ಥಿಸಿದರು. ಡಬ್ಬಿ ಕೈಯಿಂದ ಕೈಗೆ ಹೊರಟಿತು. ವರ್ಲಿನ್‌ನ ಬಳಿ ಬಂದದ್ದು ಕೊನೆಗೆ. ಕೋಟಿನ ಜೇಬಿನಲ್ಲಿ ಎರಡು ಕಾಳೂ ಬೆರಳಿಗೆ ಸಿಕ್ಕವು. ಕೆಂಪಿನದು ಕೊಂಚ ಚೂಪು, ನೋಡದೆಯೇ ತಿಳಿಯುತ್ತದೆ. ಅವನು ಲೆಕ್ಕ ಹಾಕಿದ. ಮೈಲೋ ಕೆಂಪು, ಇರಲಿ. ಗೇಲನ್ ಬಾಯಲ್ಲಿ ಮಾತ್ರ ಕಹಿ, ಹಳದಿ ಹಾಕಿರುತ್ತಾನೆ. ಪಾಸ್ಟರ್ ಹಳದಿ, ಬೆಳಿಗ್ಗೆಯಷ್ಟೇ ಪೀಠದಿಂದ ಮಾತಾಡಿ ಬಂದವರು ಮತ್ತೇನು ಹಾಕಿಯಾರು? ಲವಾನ್ ಬೈಯುತ್ತಾಳೆ, ಕೈಬಿಡುವುದಿಲ್ಲ. ಮೂರು ಹಳದಿ ಆಯಿತು. ಕೋಚ್ ಉಳಿದ. ಉಳಿದವನಿಗೆ ಒಂದು ಕೆಂಪು ಕಾಳು ಏನು ಮಾಡೀತು? ‘ಇಬ್ಬರು ಬೇಡ ಅಂದ್ರಂತೆ’ ಎಂಬುದೊಂದು ಕಿವಿಗೆ ಬಿದ್ದರೆ ಯಾರು, ಯಾತಕ್ಕೆ ಎಂದು ಗಂಡಹೆಂಡತಿ ಕೂತು ಯೋಚಿಸಿಯಾರು; ಮನೆಯೊಳಗೆ ತಿರುಗಿ ನೋಡಿಯಾರು; ಕಪಾಟು ತೆರೆದಾರು. ಅಷ್ಟೇ ಅವನು ಬಯಸಿದ್ದು. ಒಂದು ಕಪಾಟು ತೆರೆಯಲಿ ಎಂದು. ಮುಷ್ಟಿ ಡಬ್ಬಿಯೊಳಗೆ ಹೋಯಿತು, ತಳದಲ್ಲಿ ‘ಟಿಕ್’ ಎಂದಿತು.

ಮೈಲೋ ಡಬ್ಬಿಯನ್ನು ಪುಟ್ಟ ಮೇಜಿನ ಮೇಲೆ ಬೋರಲು ಹಾಕಿ ಎತ್ತಿದ. ಐದು ಕಾಳು. ಐದೂ ಕೆಂಪು.

ಮೈಲೋ ಮತ್ತೆ ಎಣಿಸಿದ, ಬೆರಳು ಇಟ್ಟು, ಒಂದೊಂದನ್ನೂ ಪಕ್ಕಕ್ಕೆ ಸರಿಸಿ. ಪಾಸ್ಟರ್ ಲಿಂಡ್ ಡಬ್ಬಿ ತೆಗೆದುಕೊಂಡು, ತಳದಲ್ಲಿ ಏನಾದರೂ ಅಂಟಿಕೊಂಡಿದೆಯೇ ಎಂದು ಕಣ್ಣಿಟ್ಟು ನೋಡಿದರು. ನೋಡಿ, ಅದನ್ನು ಬಹಳ ಮೃದುವಾಗಿ ಕೆಳಗಿಟ್ಟರು. ಗೇಲನ್ ಜಿರಾಫೆಗಳನ್ನು ನೋಡುತ್ತಿದ್ದ. ವರ್ಲಿನ್‌ಗೆ ಆಗ, ಆ ಹಗುರವಾದ ಮುಖಗಳ ಅರ್ಥ ಆಯಿತು. ‘ವರ್ಲಿನ್ ಇದ್ದಾನಲ್ಲ’ ಎಂದುಕೊಂಡೇ ಅವರು ಹಾಕಿದ್ದರು, ಒಬ್ಬೊಬ್ಬರೂ ಒಂದೊಂದು ಎಚ್ಚರಿಕೆಯ ಕಾಳು, ಯಾರಿಗೂ ನೋಯದಂಥ ಒಂದು ಚಿಕ್ಕ ಕೆಂಪು ಕಾಳು. ಈಗ ಯಾರಾದರೂ ಒಬ್ಬರು ‘ಇನ್ನೊಂದ್ಸಲ ಹಾಕೋಣ್ವಾ’ ಎಂದರೆ ಸಾಕಿತ್ತು. ಆದರೆ ಹಾಗೆನ್ನುವುದೆಂದರೆ ತಾನು ಹಾಕಿದ್ದು ಮನಸಾರೆ ಅಲ್ಲ ಎಂದು ಒಪ್ಪಿಕೊಂಡಂತೆ. ಅಥವಾ ಮಿಕ್ಕವರದು ಮನಸಾರೆ ಅಲ್ಲ ಎಂದು ಆರೋಪಿಸಿದಂತೆ. ಎರಡೂ ನೋರ್ಬಿಯಲ್ಲಿ ನಡೆದುಬಂದ ವಿಷಯಗಳಲ್ಲ. ವರ್ಲಿನ್ ಬಾಯಿ ತೆರೆದ. ನಾಲಿಗೆ ಸಕ್ಕರೆಯಿಂದ ಇನ್ನೂ ಅಂಟಂಟಾಗಿತ್ತು. ಎಲ್ಲರೂ ಅವನ ಕಡೆ ನೋಡಿದರು, ಬಾವಿಗೆ ಬಿದ್ದವರು ಹಗ್ಗದ ಕಡೆ ನೋಡುವ ಹಾಗೆ.

“ಚಳಿ ಜಾಸ್ತಿಯಾಯ್ತು” ಎಂದ.

“ಹೌದು, ಗಾಳಿ ಇಲ್ದಿದ್ರೂನೂ” ಎಂದ ಗೇಲನ್.

“ಯಾರಿಗಾದ್ರೂ ಇನ್ನೊಂದು ಕಾಫಿ?” ಎಂದಳು ಲವಾನ್. ಬೇಡ ಎಂದರು, ಬೇಡವೇ ಬೇಡ ಎಂದರು, ಮೂರನೇ ಸಲಕ್ಕೆ ಎಲ್ಲರೂ ತೆಗೆದುಕೊಂಡರು. ಮೈಲೋ “ಸರಿ ಹಾಗಾದ್ರೆ” ಎಂದು ಮೊಣಕಾಲು ತಟ್ಟಿಕೊಂಡು ಆ ಪುಟ್ಟ ಕುರ್ಚಿಯಿಂದ ಏಳಲು ಹೋದ. ಕುರ್ಚಿಯೂ ಅವನ ಜೊತೆಯೇ ಎದ್ದಿತು. ಪಾಸ್ಟರ್ ಹಿಂದಿನಿಂದ ಹಿಡಿದು ಬಿಡಿಸಿದರು. ಆಮೇಲೆ ಅವನು ಪಕ್ಕದ ಕೋಣೆಗೆ ಹೋಗಿ ಕಾಲೇಜಿನ ಅಧ್ಯಕ್ಷೆಗೆ ಫೋನ್ ಮಾಡಿದ.

ಹೊರಗೆ ಹಕ್ಕಿ ಒಂದೂ ಇರಲಿಲ್ಲ. ಐವರೂ ತಮ್ಮ ತಮ್ಮ ಕಾರಿನ ಬಳಿ ಕೊಂಚ ಹೊತ್ತು ನಿಂತರು, ಜೇಬಿನಲ್ಲಿ ಕೈ ಇಟ್ಟುಕೊಂಡು. ಹಿಮದ ಮೇಲೆ ಎಸೆದರೆ ಬಣ್ಣ ಕಾಣುತ್ತದೆ ಎಂದು ಯಾರೂ ಎಸೆಯಲಿಲ್ಲ.

ಮನೆಗೆ ಬಂದು ವರ್ಲಿನ್ ಕೋಟು ತೆಗೆಯಲಿಲ್ಲ. ಕುರ್ಚಿಯಲ್ಲಿ ಕೂತರೆ ಏಳಬೇಕೆನಿಸಿತು, ಎದ್ದರೆ ಕೂರಬೇಕೆನಿಸಿತು. ಎರಡೂವರೆಗೆ ಅಧ್ಯಕ್ಷೆ ಕೋಚ್‌ನ ಮನೆಗೆ ಫೋನ್ ಮಾಡಿರುತ್ತಾಳೆ. ಪ್ರೂಯಿಟ್ ಆ ದೊಡ್ಡ ಕೈಯಲ್ಲಿ ಫೋನ್ ಹಿಡಿದು ‘ಸರಿ ಮೇಡಂ’ ಎಂದಿರುತ್ತಾನೆ. ಆಮೇಲೆ ಸಹಾಯಕ ಕೋಚ್‌ಗಳಿಗೆ ಹೇಳಬೇಕು, ಗಸ್‌ಗೆ ಹೇಳಬೇಕು, ಗಸ್‌ನ ಹೆಂಡತಿ ಬಸುರಿ. ಆಮೇಲೆ ಮುಂದಿನ ಸಾಲಿನ ಆ ಐದು ಹುಡುಗರಿಗೆ. ಅವರು ಬಾಗಿಲ ಮೇಲಿನ ಬರಹ ಮುಟ್ಟಿ ಹೊರಗೆ ಬರುತ್ತಾರೋ ಮುಟ್ಟದೆ ಬರುತ್ತಾರೋ. ಬಿತ್ತನೆಯ ಮಾರನೇ ದಿನ ಮಣ್ಣು ಕೆದಕುವ ರೈತರನ್ನು ಅವನು ನಿಜಕ್ಕೂ ನೋಡಿದ್ದ. ರಾತ್ರಿ ಹೊತ್ತು ಟಾರ್ಚು ಹಿಡಿದು ಹೋಗಿ ಕೆದಕುತ್ತಾರೆ, ಬೆಳಿಗ್ಗೆ ಬೀಜ ಸರಿಯಿಲ್ಲ ಎಂದು ಬರುತ್ತಾರೆ. ಅವರ ಉಗುರಿನಲ್ಲಿ ಮಣ್ಣು ಇರುತ್ತಿತ್ತು. ಅವನು ಆಗ ಏನೂ ಅನ್ನುತ್ತಿರಲಿಲ್ಲ, ಬೇರೆ ಚೀಲ ಕೊಡುತ್ತಿದ್ದ. ಅವನಿಗೆ ತನ್ನ ಉಗುರು ನೋಡಿಕೊಳ್ಳಬೇಕೆನಿಸಿತು. ಪ್ರಾರ್ಥಿಸೋಣವೆಂದು ಕಣ್ಣು ಮುಚ್ಚಿದ. ಕ್ಷಮಿಸು ಎಂಬ ಮಾತಿನ ಮುಂದೆ ಏನು ಎಂದು ಹೊಳೆಯಲಿಲ್ಲ. ಏನನ್ನು ಎಂದು ಕೇಳಿದರೆ ಒಂದು ಗಾಜಿನ ಪಾತ್ರೆ ಎನ್ನಬೇಕಾಗುತ್ತಿತ್ತು, ದೇವರ ಮುಂದೆ. ದೇವರೂ ನೋರ್ಬಿಯವನ ಹಾಗೆ ಸುಮ್ಮನಿದ್ದ.

ನಾಲ್ಕೂವರೆಗೆ, ಬೆಳಕು ನೀಲಿಯಾಗುವ ಹೊತ್ತಿಗೆ, ಅಂಗಳದಲ್ಲಿ ಕಾರು ನಿಂತಿತು. ಎಂಜಿನ್ ಆರಿಸಲಿಲ್ಲ. ಡ್ರೈವರ್ ಸೀಟಿನಲ್ಲಿ ದೊಡ್ಡ ನೆರಳು, ಮುಂದಿನ ಗಾಜನ್ನೇ ನೋಡುತ್ತ. ಕೊರಿನ್ ಒಬ್ಬಳೇ ಇಳಿದು ಬಂದಳು, ತೋಳಿನಲ್ಲಿ ಟವೆಲ್ ಸುತ್ತಿದ ಏನನ್ನೋ ಮಗುವಿನ ಹಾಗೆ ಅಪ್ಪಿಕೊಂಡು. ಅವನು ಬಾಗಿಲು ತೆರೆದ. ಒಳಗೆ ಬಾ ಎನ್ನಬೇಕಿತ್ತು. ಜೇಬಿನೊಳಗಿನ ಕೈ ಕಾಳನ್ನು ಹಿಡಿದುಕೊಂಡಿತು.

“ಒಳಗೆ ಬರಲ್ಲ ಮೋಯೆನ್ ಅವ್ರೇ, ಅವ್ರು ಕಾಯ್ತಿದಾರೆ. ವಿಷಯ ಗೊತ್ತೇ ಇದೆ ನಿಮ್ಗೆ.”

“ಗೊತ್ತು” ಎಂದ.

“ವೇಡ್ ಅಂದ್ರು, ಯಾರು ಏನೇ ಹಾಕಿರ್ಲಿ, ಮೋಯೆನ್ ಅವ್ರದೊಂದು ಹಳದಿ ಇರುತ್ತೆ ಅಂತ. ಅದಕ್ಕೆ ಥ್ಯಾಂಕ್ಸ್ ಹೇಳು ಅಂದ್ರು. ಅವ್ರಿಗೆ ಇಳಿದು ಬರೋಕೆ ಆಗ್ಲಿಲ್ಲ, ಕಣ್ಣು ಚೆನ್ನಾಗಿಲ್ಲ ಇವತ್ತು.”

ಎಷ್ಟು ಕೆಂಪು, ಎಷ್ಟು ಹಳದಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪದ್ಧತಿ ಇರಲಿಲ್ಲ. ವರ್ಲಿನ್ ಕಾರಿನ ಕಡೆ ನೋಡಿದ. ಆ ನೆರಳು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿತು. ವರ್ಲಿನ್ ತಲೆ ಬಗ್ಗಿಸಿದ. ಅದನ್ನು ಅವರು ವಿನಯವೆಂದು ತಿಳಿದುಕೊಂಡರೆ ತಡೆಯುವ ಶಕ್ತಿ ಅವನಲ್ಲಿರಲಿಲ್ಲ.

“ಇದು ನಿಮ್ದು” ಎಂದು ಅವಳು ಟವೆಲ್ಲಿನ ಒಂದು ತುದಿ ಸರಿಸಿದಳು. ನೀಲಿ ಹೂವು. “ನಿಮ್ಗೆ ಆರ್ಡಿಸ್ ಅವ್ರು ಏನೂ ಹೇಳಿರ್ಲಿಲ್ವಾ?”

“ಏನನ್ನ?”

“ಅವತ್ತು ಬಾಗಿಲಲ್ಲಿ ಕೊಡ್ತಾ ಹೇಳಿದ್ರು, ಇದ್ನ ಎರಡು ವಾರಕ್ಕೆ ತರಬೇಡ, ಎಲ್ಲರ ಹಾಗಲ್ಲ ನಂದು, ಎಲ್ಸ್‌ಬರೀನ ಸೋಲಿಸಿದ ದಿನ ತಗೊಂಡು ಬಾ, ಅಲ್ಲೀತನಕ ನಿನ್ನ ಹತ್ರಾನೇ ಇರ್ಲಿ ಅಂತ. ಎಷ್ಟು ವರ್ಷ ಆದ್ರೂ ಆಗ್ಲಿ, ಅವಸರ ಇಲ್ಲ ಮಗಳೇ ಅಂದ್ರು. ನಾನು ಇದ್ರಲ್ಲಿ ಒಂದು ದಿನ ಅಡುಗೆ ಮಾಡಿಲ್ಲ. ಅವ್ರು ಹೋದಾಗ ತಂದುಬಿಡ್ಲಾ ಅನ್ನಿಸ್ತು. ಆದ್ರೆ ಗೆದ್ದಿರ್ಲಿಲ್ವಲ್ಲ. ಮಾತು ಮಾತೇ ಅಲ್ವಾ. ಮೂರು ವರ್ಷಾನೂ ಆ ಆಟದ ದಿನ ಇದ್ನ ಟವೆಲ್ ಸುತ್ತಿ ಕಾರಲ್ಲಿ ಇಟ್ಕೊಂಡೇ ಹೋದೆ. ನಿನ್ನೇನೂ. ಒಂದು ಗಜ ಇದೆ ಅನ್ನೋವಾಗ ನಾನು ಕಾರಿನ ಬೀಗದ ಕೈ ಕೈಲಿ ಹಿಡ್ಕೊಂಡಿದ್ದೆ.”

ಅವನಿಗೆ ಸತ್ತ ಮಿಡತೆಯೊಂದು ಕಣ್ಣ ಮುಂದೆ ಬಂದಿತ್ತು, ಆಗಸ್ಟಿನ ಗಾಜು, ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ನಗುವ ಇಬ್ಬರು ಹೆಂಗಸರು.

“ನೀವಿಬ್ರೂ ನಕ್ರಲ್ಲ” ಎಂದ. “ಅವತ್ತು. ಯಾತಕ್ಕೆ ನಕ್ಕಿದ್ದು?”

ಕೊರಿನ್ ಸಂಕೋಚಪಟ್ಟಳು. “ಬೇಜಾರು ಮಾಡ್ಕೋಬಾರ್ದು. ಆರ್ಡಿಸ್ ಅವ್ರು, ನಮ್ಮನೆಯವ್ರಿಗೆ ಮಾತ್ರ ಇದ್ನ ಹೇಳ್ಬೇಡ ಅಂದ್ರು. ಊರಿಗೆಲ್ಲಾ ತಾಳ್ಮೆ ಹಂಚ್ತಾರೆ, ಮನೇಲಿ ಒಂದು ಕಾಳು ಉಳಿಸ್ಕೊಂಡಿಲ್ಲ ಅಂದ್ರು.” ಹೇಳುತ್ತ ಅವಳಿಗೆ ಮತ್ತೆ ಅದೇ ನಗು ಬಂತು; ಬಂದದ್ದು ಅರ್ಧದಲ್ಲಿ ಬೇರೆಯಾಯಿತು. ಕಾಲರಿನಿಂದ ಕಣ್ಣೊರೆಸಿಕೊಂಡಳು. “ಗೆದ್ದಿಲ್ಲ ನಾವು. ಆದ್ರೂ ನಿಮ್ಮ ವಸ್ತು ನಮ್ಮ ಜೊತೆ ಬೇರೆ ಊರಿಗೆ ಬರಬಾರ್ದು. ಬರಿ ಪಾತ್ರೆ ಕೊಡಬಾರ್ದು ಅಂತಾರೆ ನಮ್ಮಮ್ಮ. ಜೋಳದ ಬ್ರೆಡ್ ಮಾಡಿ ಇಟ್ಟಿದೀನಿ, ನಮ್ಮ ಕಡೇದು. ಇನ್ನೂ ಬಿಸಿ ಇದೆ.”

ಅವಳು ಪಾತ್ರೆಯನ್ನು ಮುಂದಕ್ಕೆ ಚಾಚಿದಳು. ತಳದ ಅಂಟುಪಟ್ಟಿ ಹಾಗೆಯೇ ಇತ್ತು. ಮೂರು ವರ್ಷದಲ್ಲಿ ಒಂದಂಚೂ ನೀರು ತಾಗದಂತೆ, ಅದರ ಸುತ್ತಲೂ ಬೆರಳಿನಿಂದ ಒರೆಸಿ ಒರೆಸಿ ಇಟ್ಟುಕೊಂಡ ಹಾಗಿತ್ತು; ಎ. ಮೋಯೆನ್, ಎಡಕ್ಕೆ ವಾಲುವ ಆ ಅಕ್ಷರ. ಒಂದು ಕೈಯಲ್ಲಿ ಇಸಕೊಳ್ಳುವ ಭಾರವಲ್ಲ ಅದು. ಅವನು ಜೇಬಿನಲ್ಲಿ ಮುಷ್ಟಿ ಬಿಚ್ಚಿದ, ಹಳದಿ ಕಾಳು ಅಲ್ಲೇ ಎಲ್ಲೋ ಮೂಲೆಗೆ ಜಾರಿತು. ಎರಡೂ ಕೈ ಹೊರಗೆ ಬಂದವು. ಅವಳು ಪಾತ್ರೆಯನ್ನು ಅವುಗಳ ಮೇಲಿಟ್ಟು, ಸರಿಯಾಗಿ ಕೂತಿತೇ ಎಂದು ನೋಡಿ, ಆಮೇಲೆ ತನ್ನ ಕೈ ತೆಗೆದಳು.